ಬಟ್ಟೆ ಹಿಂಡುವ ಮಷೀನು ತಿರುಗದಿದ್ದರೆ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಬಟ್ಟೆ ಒಣಗೋದೇ ಕಷ್ಟ. ವಾಷಿಂಗ್ ಮಷೀನು ಬಟ್ಟೆಯನ್ನು ಜೋರಾಗಿ ತಿರುಗಿಸುತ್ತದೆ. ಆಗ ನೀರು ತೂತುಗಳಿಂದ ಹೊರಗೆ ಚಿಮ್ಮುತ್ತದೆ. ಅದು ತಿರುಗದಿದ್ದರೆ ಏನು ಮಾಡಬೇಕು?

ಮೊದಲು ಸ್ವಿಚ್ ಆರಿಸಿ. ಒಣಗಿದ ಕೈಯಿಂದ ಪ್ಲಗ್ ಕೀಳಿ. ಆಮೇಲೆ ನೋಡಿ.

1. ಮುಚ್ಚಳ ಸರಿಯಾಗಿ ಕೂತಿದೆಯಾ? ತೆರೆದಿದ್ದರೆ ತಿರುಗುವುದಿಲ್ಲ.

2. ಬಟ್ಟೆ ಒಂದೇ ಕಡೆ ಸೇರಿದೆಯಾ? ಸಮನಾಗಿ ಹರಡಿ.

3. ನೀರು ಹೊರಗೆ ಹೋಗಿದೆಯಾ? ಪೈಪು ಮಡಚಿದ್ದರೆ ನೆಟ್ಟಗೆ ಮಾಡಿ. ಕಸ ಕಟ್ಟಿದ್ದರೆ ತೆಗೆಯಿರಿ.

ಈಗ ಪ್ಲಗ್ ಹಾಕಿ ನೋಡಿ. ಮಷೀನು ಬರೀ ಗುಂಯ್ ಅನ್ನುತ್ತಾ? ಕೂಡಲೇ ಆರಿಸಿ. ವೋಲ್ಟೇಜು ಕಡಿಮೆ ಇರಬಹುದು. ಹಾಗೇ ಬಿಟ್ಟರೆ ಮೋಟಾರು ಸುಟ್ಟುಹೋಗುತ್ತೆ.

ಮುಟ್ಟಿದಾಗ ಜುಮ್ ಅಂದರೆ ಮತ್ತೆ ಮುಟ್ಟಬೇಡಿ. ಮೈನ್ ಸ್ವಿಚ್ ಆರಿಸಿ, ರಿಪೇರಿಯವರನ್ನು ಕರೆಸಿ. ಹಣಕ್ಕಿಂತ ಜೀವ ದೊಡ್ಡದು.