ಜೋ ಎಂಬವನು ಯಾರು?

ಕಳೆದ ಸ್ನೇಹಸಮ್ಮೇಲನದಲ್ಲಿ ನಮ್ಮ ಶಾಲೆಯ ಮಕ್ಕಳು ಒಂದು ಪಾಶ್ಚಾತ್ಯ ಗೀತೆಗೆ ಕುಣಿದುದನ್ನು ವಾಚಕರು ಮರೆತಿರಲಾರರು. ಕುಣಿತ ಮುಗಿದ ಮೇಲೆ ವಿದ್ಯಾರ್ಥಿನಿಯೊಬ್ಬಳು, "ಹಾಡಿನಲ್ಲಿ ಬರುವ ಜೋ ಯಾರು ಗುರುಗಳೇ?" ಎಂದು ಕೇಳಿದಳು. ನಾವು ಅಂದು ನಿರುತ್ತರರಾದೆವು. ಆ ಋಣವನ್ನು ಇಂದು ತೀರಿಸಲೆತ್ನಿಸುತ್ತೇವೆ.

ಗೀತೆಯ ಹೆಸರು 'ಕಾಟನ್ ಐ ಜೋ'. ಸ್ವೀಡನ್ ದೇಶದ 'ರೆಡ್‌ನೆಕ್ಸ್' ಎಂಬ ತಂಡವು ಇದನ್ನು 1994ರಲ್ಲಿ ಹೊರತಂದಿತು. ಮರುವರ್ಷದ ಜನವರಿಯಲ್ಲಿ ಬ್ರಿಟನ್ನಿನ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಇದು ಪ್ರಥಮ ಸ್ಥಾನಕ್ಕೇರಿತು. ಯಂತ್ರದಿಂದ ಹೊಮ್ಮುವ ವೇಗದ ಸಮತಾಳ, ಮರಳಿ ಮರಳಿ ಬರುವ ಪಲ್ಲವಿ, ಇವೇ 'ಯೂರೋಡಾನ್ಸ್' ಎಂಬ ಸಂಗೀತದ ಲಕ್ಷಣಗಳು. ಅದಕ್ಕೆ ಪಿಟೀಲನ್ನೂ ಬ್ಯಾಂಜೋವನ್ನೂ ಬೆರೆಸಿ, ಅಮೆರಿಕದ ಬಡ ಹಳ್ಳಿಗರ ವೇಷ ತೊಟ್ಟು, ಸ್ವೀಡನ್ನಿನ ಕಲಾವಿದರು ಜನರನ್ನು ರಂಜಿಸಿದರು.

ಆದರೆ ಮಟ್ಟು ಅವರದಲ್ಲ. ಅದು ದಕ್ಷಿಣ ಅಮೆರಿಕ ಸಂಯುಕ್ತ ಸಂಸ್ಥಾನಗಳ ಜಾನಪದ ಗೀತೆ. 1861ರಿಂದ 1865ರವರೆಗೆ ಅಲ್ಲಿ ನಡೆದ ಅಂತರ್ಯುದ್ಧಕ್ಕೂ ಮೊದಲೇ ಗುಲಾಮರಾಗಿದ್ದ ಕಪ್ಪು ಜನರು ಇದನ್ನು ಹಾಡುತ್ತಿದ್ದರೆಂದು ಡೊರೊತಿ ಸ್ಕಾರ್ಬರೋ ಎಂಬ ವಿದುಷಿ 1925ರ ತಮ್ಮ ಸಂಗ್ರಹದಲ್ಲಿ ಬರೆದಿದ್ದಾರೆ. ಎಲ್ಲಿಂದಲೋ ಬಂದ ಜೋ ತನ್ನ ವಿವಾಹವನ್ನು ಕೆಡಿಸಿದನೆಂದು ಹಾಡುವವನ ದುಃಖ. ಬ್ಯಾಂಜೋ ಕೂಡ ಆಫ್ರಿಕದ ತಂತಿವಾದ್ಯಗಳ ಸಂತತಿಯೇ. ಮುಂದೆ ಬಿಳಿಯ ಪಿಟೀಲುಗಾರರೂ ಇದನ್ನು ನುಡಿಸಿದರು. 1927ರಲ್ಲಿ ಇದರ ಧ್ವನಿಮುದ್ರಣವಾಯಿತು. ಟೆಕ್ಸಾಸಿನ ನೃತ್ಯಶಾಲೆಗಳಲ್ಲಿ ಮನೆಮಾತಾಯಿತು. ಹೀಗೆ ದುಃಖದ ಹಾಡು ಕೈಯಿಂದ ಕೈಗೆ ದಾಟುತ್ತ ವಿನೋದದ ಕುಣಿತವಾಯಿತು.

ಹಾಗಾದರೆ ಜೋ ಯಾರು? ಅವನ ಊರನ್ನಾಗಲಿ, ಹಾಡು ಕಟ್ಟಿದವರ ಹೆಸರನ್ನಾಗಲಿ ಯಾರೂ ಬರೆದಿಡಲಿಲ್ಲ. ಅಂದು ದಕ್ಷಿಣದ ಹಲವು ಸಂಸ್ಥಾನಗಳಲ್ಲಿ ಗುಲಾಮರಿಗೆ ಅಕ್ಷರ ಕಲಿಸುವುದೇ ಕಾನೂನಿನಂತೆ ಅಪರಾಧವಾಗಿತ್ತು. ಬರೆಯಬಲ್ಲವರಿಗೆ ಅವರ ಹೆಸರು ಬೇಕಿರಲಿಲ್ಲ. ಹೆಸರುಳ್ಳವರಿಗೆ ಬರೆಯುವ ಅವಕಾಶವಿರಲಿಲ್ಲ. ಮಟ್ಟು ಉಳಿಯಿತು, ಮನುಷ್ಯನು ಮರೆಯಾದನು.

ಮಟ್ಟು ಬದಲಾಗುವುದು ದೋಷವಲ್ಲ; ಬದಲಾಗದ ಹಾಡು ಬಾಳಲಾರದು. ಕುಣಿಯಿರಿ, ಬೇಡವೆನ್ನುವುದಿಲ್ಲ. ಆದರೆ ಹಾಡಿದವರನ್ನು ಮರೆಯದಿರಿ. ನಮಗಾದರೋ ಅಕ್ಷರವಿದೆ. ಈ ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿಯ ಬಳಿ ಕುಳಿತು ಒಂದು ಹಾಡನ್ನು ಬರೆದುಕೊಳ್ಳಿರಿ. ಕೆಳಗೆ ಅಜ್ಜಿಯ ಹೆಸರು, ಊರು, ದಿನಾಂಕಗಳನ್ನೂ ಕಾಣಿಸಿರಿ. ಮುಂದೊಂದು ದಿನ ಯಾರಾದರೂ ಮಗು "ಇದನ್ನು ಹಾಡಿದವರು ಯಾರು?" ಎಂದು ಕೇಳಿದರೆ, ಗುರುಗಳು ನಮ್ಮಂತೆ ನಿರುತ್ತರರಾಗದಿರಲಿ.