ಸಿ.ಡಿ.ಯನ್ನು ಮೀರಿಸಿದ ತಟ್ಟೆ: ಕಿವಿ ಏನು ಹೇಳುತ್ತದೆ?

ಒಂದೇ ಸಂಗೀತ ಎರಡು ತಟ್ಟೆಗಳಲ್ಲಿದೆ ಎನ್ನೋಣ. ಒಂದು ಸಾಮಾನ್ಯ ಸಿ.ಡಿ.; ಇನ್ನೊಂದು ಬೆಲೆಯೂ ಹೆಚ್ಚು, ಹೊಗಳಿಕೆಯೂ ಹೆಚ್ಚು. ಹೆಚ್ಚಿನ ಹಣಕ್ಕೆ ನಿಮ್ಮ ಕಿವಿಗೆ ಸಿಗುವುದೇನು?

ಮೊದಲು ಸಿ.ಡಿ.ಯ ಲೆಕ್ಕ ನೋಡಿ. 1982ರಲ್ಲಿ ಮಾರಾಟಕ್ಕೆ ಬಂದ ಈ ತಟ್ಟೆಗಾಗಿ ಧ್ವನಿತರಂಗವನ್ನು ಸೆಕೆಂಡಿಗೆ 44,100 ಸಲ ಅಳೆಯುತ್ತಾರೆ. ಪ್ರತಿ ಅಳತೆಗೆ 16 ಬಿಟ್, ಅಂದರೆ 65,536 ಮಟ್ಟಗಳಲ್ಲಿ ಒಂದು. 1999ರಲ್ಲಿ ಸೋನಿ ಮತ್ತು ಫಿಲಿಪ್ಸ್ ಕಂಪನಿಗಳು ಸೂಪರ್ ಆಡಿಯೊ ಸಿ.ಡಿ.ಯನ್ನು ತಂದವು. ಮರುವರ್ಷ ಬಂದ ಡಿ.ವಿ.ಡಿ. ಆಡಿಯೊದಲ್ಲಿ 24 ಬಿಟ್, ಸೆಕೆಂಡಿಗೆ 1,92,000 ಅಳತೆಗಳವರೆಗೂ ಅವಕಾಶವಿತ್ತು.

ಎರಡು ಅಳತೆಗಳ ನಡುವಿನ ಸಂಗೀತ ಸಿ.ಡಿ.ಯಲ್ಲಿ ಕಳೆದುಹೋಗುತ್ತದೆ, ಮೆಟ್ಟಿಲು ಮೆಟ್ಟಿಲಾದ ತರಂಗವಷ್ಟೇ ಉಳಿಯುತ್ತದೆ ಎಂದು ಹಲವರು ತಿಳಿದಿದ್ದಾರೆ. ಇದು ತಪ್ಪು. ತರಂಗದ ಅತಿ ಹೆಚ್ಚಿನ ಆವರ್ತನದ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆದರೆ, ಆ ಅಂಕಿಗಳಿಂದಲೇ ನುಣುಪಾದ ಮೂಲ ತರಂಗವನ್ನು ಮತ್ತೆ ಪಡೆಯಬಹುದು. ಹ್ಯಾರಿ ನೈಕ್ವಿಸ್ಟ್, ಕ್ಲಾಡ್ ಶಾನನ್ ಅವರ ಹೆಸರಿನಲ್ಲಿರುವ ಈ ಪ್ರಮೇಯವೇ ಸಿ.ಡಿ.ಯ ಅಡಿಪಾಯ. ಮನುಷ್ಯ ಕೇಳಬಲ್ಲ ಆವರ್ತನದ ಮೇಲ್ಮಿತಿ ಸುಮಾರು 20,000 ಹರ್ಟ್ಜ್. ವಯಸ್ಸಾದಂತೆ ಅದೂ ಇಳಿಯುತ್ತದೆ. ಸಿ.ಡಿ. 22,050ರ ಹತ್ತಿರದವರೆಗೂ ಹಿಡಿದಿಡುತ್ತದೆ. ಹೆಚ್ಚಿನ ಬಿಟ್‌ಗಳು ಮಾಡುವುದು ಹಿನ್ನೆಲೆಯ ಗೊರಗೊರ ಸದ್ದನ್ನು ಇನ್ನಷ್ಟು ತಗ್ಗಿಸುವ ಕೆಲಸ. ಧ್ವನಿಮುದ್ರಣ ಕೊಠಡಿಯಲ್ಲಿ ಅದು ನಿಜಕ್ಕೂ ಉಪಕಾರಿ. ಮನೆಯಲ್ಲಿ? ಸಿ.ಡಿ.ಯ ಸುಮಾರು 96 ಡೆಸಿಬೆಲ್ ವ್ಯಾಪ್ತಿಯೇ ಫ್ಯಾನಿನ ಸದ್ದಿನಲ್ಲಿ ಪೂರ್ತಿ ಬಳಕೆಯಾಗುವುದಿಲ್ಲ.

ಲೆಕ್ಕ ಹಾಗಿರಲಿ, ಪ್ರಯೋಗ ಏನು ಹೇಳಿತು? ಅಮೆರಿಕದ ಮೇಯರ್ ಮತ್ತು ಮೊರಾನ್ 2007ರಲ್ಲಿ ತಮ್ಮ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಹೊಸ ತಟ್ಟೆಗಳ ಧ್ವನಿಯನ್ನು ನೇರವಾಗಿ ಒಮ್ಮೆ, ಸಿ.ಡಿ.ಯ ಮಟ್ಟಕ್ಕೆ ಇಳಿಸಿ ಒಮ್ಮೆ ಕೇಳಿಸಿದರು. ಯಾವುದು ಯಾವುದೆಂದು ಕೇಳುಗರಿಗೆ ತಿಳಿಸಲಿಲ್ಲ. 554 ಸಲದಲ್ಲಿ ಸರಿಯುತ್ತರ 276. ನಾಣ್ಯ ಚಿಮ್ಮಿದ್ದರೂ ಇಷ್ಟೇ ಬರುತ್ತಿತ್ತು! ವಾದ ಅಲ್ಲಿಗೆ ಮುಗಿಯಲಿಲ್ಲ. 2016ರಲ್ಲಿ ಲಂಡನ್ನಿನ ಜೋಶುವಾ ರೀಸ್ 18 ಪ್ರಯೋಗಗಳನ್ನು ಒಟ್ಟುಗೂಡಿಸಿದಾಗ ಶೇ. 52.3 ಉತ್ತರಗಳು ಸರಿಯಾಗಿದ್ದವು. ತರಬೇತಿ ಪಡೆದವರು ಇದಕ್ಕಿಂತ ಮೇಲು. ವ್ಯತ್ಯಾಸ ಇದ್ದರೂ ಕೂದಲೆಳೆಯಷ್ಟು.

ಹಾಗಾದರೆ ದುಬಾರಿ ತಟ್ಟೆ ಚೆನ್ನಾಗಿ ಕೇಳಿಸಿತೆನ್ನುವವರೆಲ್ಲ ಸುಳ್ಳು ಹೇಳುತ್ತಾರೆಯೇ? ಇಲ್ಲ. ಅಂಥ ಎಷ್ಟೋ ತಟ್ಟೆಗಳಿಗೆ ಧ್ವನಿಯನ್ನು ಹೆಚ್ಚು ಎಚ್ಚರದಿಂದ ಹದಗೊಳಿಸಿರುತ್ತಾರೆ. ಅನೇಕ ಸಿ.ಡಿ.ಗಳಲ್ಲಾದರೋ, ಜೋರಾಗಿ ಕೇಳಲೆಂದು ಮೆಲುದನಿಯನ್ನೂ ಎತ್ತಿ ಗಟ್ಟಿದನಿಗೆ ಸಮ ಮಾಡಿಬಿಟ್ಟಿರುತ್ತಾರೆ. ಗುಣ ಹದಗಾರನದು, ಹೆಸರು ತಟ್ಟೆಯದು.

ನೀವೇ ಪರೀಕ್ಷಿಸಿ. ಹೆಚ್ಚು ಬಿಟ್‌ಗಳ ಒಂದು ಧ್ವನಿಮುದ್ರಣವನ್ನು ಕಂಪ್ಯೂಟರಿನಲ್ಲಿ ಸಿ.ಡಿ.ಯ ಮಟ್ಟಕ್ಕೆ ಇಳಿಸಿಕೊಳ್ಳಿ. ಎರಡರ ಗಟ್ಟಿತನವೂ ಸಮನಾಗಿರಲಿ. ತುಸು ಜೋರಾದದ್ದೇ ಕಿವಿಗೆ ಇಂಪೆನಿಸುತ್ತದೆ. ನಿಮ್ಮ ಗೆಳೆಯರೊಬ್ಬರು ಪ್ರತಿ ಸಲವೂ ನಾಣ್ಯ ಚಿಮ್ಮಿ, ಯಾವುದೆಂದು ಹೇಳದೆ 20 ಸಲ ಕೇಳಿಸಲಿ. ಬರೀ ಊಹೆಯಿಂದ 15 ಅಥವಾ ಹೆಚ್ಚು ಸರಿಯುತ್ತರ ಬರುವುದು ಐವತ್ತರಲ್ಲಿ ಒಂದು ಸಲ ಮಾತ್ರ.