ಹೆಬ್ಬಾತುಗಳ ತವರು

ಚಳಿಗಾಲದ ಬೆಳಗಿನಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಯ ದಂಡೆಗೆ ಹೋದವರಿಗೆ ಬೂದುಬಣ್ಣದ ದೊಡ್ಡ ಹಕ್ಕಿಗಳು ಗುಂಪುಗುಂಪಾಗಿ ನೀರಿನ ಮೇಲೆ ತೇಲುತ್ತಿರುವ ನೋಟ ಕಾಣಸಿಗುತ್ತದೆ. ಬಿಳಿಯ ತಲೆ, ಅದರ ಹಿಂಬದಿಯಲ್ಲಿ ಎರಡು ಕಪ್ಪು ಪಟ್ಟೆ, ಹಳದಿ ಕೊಕ್ಕು. ಪಟ್ಟೆತಲೆಯ ಹೆಬ್ಬಾತು ಎಂದು ಇದರ ಹೆಸರು. ಸುತ್ತಲಿನ ಹೊಲಗಳಲ್ಲಿ ಮೇದು, ಕೆರೆಯಲ್ಲಿ ವಿಶ್ರಮಿಸುವ ಈ ಹಕ್ಕಿಗಳು ಚಳಿಗಾಲ ಮುಗಿಯುತ್ತಿದ್ದಂತೆ ಹೊರಟುಹೋಗುತ್ತವೆ. ಇಲ್ಲಿ ಅವು ಒಂದು ಮೊಟ್ಟೆಯನ್ನೂ ಇಡುವುದಿಲ್ಲ. ಕನ್ನಡನಾಡು ಅವುಗಳ ಬಿಡಾರ ಮಾತ್ರ. ತವರು ಬೇರೆಯೇ ಇದೆ.

ಆ ತವರು ಹಿಮಾಲಯದ ಆಚೆಗಿದೆ. ಲಡಾಖ್, ಟಿಬೆಟ್, ಚೀನದ ಚಿಂಗ್‌ಹಾಯ್ ಪ್ರಾಂತ, ಕಿರ್ಗಿಸ್ತಾನ, ಮಂಗೋಲಿಯ ಇವುಗಳ ಎತ್ತರದ ಸರೋವರಗಳೂ ಜೌಗು ನೆಲಗಳೂ ಹೆಬ್ಬಾತುಗಳ ಸಂತಾನಭೂಮಿ. ಮಂಗೋಲಿಯದಲ್ಲಿ ಕೊರಳಿಗೆ ಗುರುತುಪಟ್ಟಿ ತೊಡಿಸಿ ಬಿಟ್ಟ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ಕಾಳಿದಾಸನ ಮೇಘದೂತದಲ್ಲಿ ಮಾನಸ ಸರೋವರಕ್ಕೆ ಹೊರಡುವ ಹಂಸಗಳು ಇವೇ ಇರಬಹುದೆಂದು ಊಹಿಸಿದವರುಂಟು. ಕವಿಯ ಹಂಸಗಳು ಹೊರಡುವುದು ಮಳೆಗಾಲದ ಮೋಡ ಗುಡುಗಿದಾಗ. ಹೆಬ್ಬಾತುಗಳು ಅದಕ್ಕೆ ಬಹು ಮುಂಚೆಯೇ ಹೊರಟಿರುತ್ತವೆ. ಆದರೂ ದಿಕ್ಕನ್ನು ಮಾತ್ರ ಕವಿ ಸರಿಯಾಗಿಯೇ ಹೇಳಿದ್ದಾನೆ.

ನಡುವೆ ಹಿಮಾಲಯ ಅಡ್ಡವಿದೆ. ಈ ಹಕ್ಕಿಯ ರಕ್ತದ ಹಿಮೋಗ್ಲೋಬಿನ್ ಇತರ ಬಾತುಗಳದಕ್ಕಿಂತ ಸುಲಭವಾಗಿ ಆಮ್ಲಜನಕವನ್ನು ಹಿಡಿದುಕೊಳ್ಳುತ್ತದೆ. ಉಪಗ್ರಹದ ನೆರವಿನಿಂದ ಹಿಂಬಾಲಿಸಿ ನೋಡಿದಾಗ ಒಂದು ಹೆಬ್ಬಾತು 7,290 ಮೀಟರ್ ಎತ್ತರವನ್ನು ಮುಟ್ಟಿದ್ದು ದಾಖಲಾಗಿದೆ. ಈ ಹಾರಾಟವನ್ನು ಎಲ್ಲರೂ ಹೊಗಳುತ್ತಾರೆ. ಆದರೆ ಹೆಬ್ಬಾತಿನ ಬಾಳಿನ ನಿಜವಾದ ಗಂಡಾಂತರ ಇರುವುದು ಪರ್ವತದ ನೆತ್ತಿಯಲ್ಲಲ್ಲ; ಹಾರಾಟ ಮುಗಿಸಿ ಅದು ನೆಲಕ್ಕೆ ಇಳಿದ ಮೇಲೆ.

ಲಡಾಖಿನ ಆಗ್ನೇಯಕ್ಕೆ ಚಾಂಗ್‌ಥಾಂಗ್ ಎಂಬ ಪ್ರಸ್ಥಭೂಮಿಯಿದೆ. ಸಮುದ್ರಮಟ್ಟದಿಂದ 4,500 ಮೀಟರಿಗೂ ಮಿಗಿಲಾದ ಎತ್ತರದಲ್ಲಿ ತ್ಸೋ ಮೊರಿರಿ, ತ್ಸೋ ಕರ್ ಎಂಬ ಸರೋವರಗಳಿವೆ. ತ್ಸೋ ಕರ್ ಎಂದರೆ ಬಿಳಿಯ ಸರೋವರ. ದಡದಲ್ಲಿ ಹೆಪ್ಪುಗಟ್ಟಿದ ಉಪ್ಪು ಅದಕ್ಕೆ ಆ ಹೆಸರನ್ನು ತಂದಿದೆ. ಅದರ ಪಕ್ಕದಲ್ಲಿಯೇ ಸ್ಟಾರ್ಟ್ಸಪುಕ್ ಎಂಬ ಸಿಹಿನೀರಿನ ಸರೋವರವಿದೆ. ಮಳೆ ಬಹು ಕಡಿಮೆ, ಮರಗಳಿಲ್ಲ, ಚಳಿಗಾಲದಲ್ಲಿ ಸರೋವರವೇ ಮಂಜುಗಡ್ಡೆ. ಇಂಥ ಮರುಭೂಮಿಗೆ ಹಕ್ಕಿ ಏಕೆ ಬರಬೇಕು? ಹಿಮ ಕರಗಿದ ನೀರು ಹರಿಯುವ ತಾವುಗಳಲ್ಲಿ ಬೇಸಗೆಯಲ್ಲಿ ಎಳೆಯ ಹುಲ್ಲೂ ಜೊಂಡಿನ ಜಾತಿಯ ಸಸ್ಯಗಳೂ ಚಿಗುರುತ್ತವೆ. ಹಗಲು ದೀರ್ಘ. ಹುಲ್ಲನ್ನೇ ನಂಬಿದ ಮರಿಗಳಿಗೆ ಇದಕ್ಕಿಂತ ಒಳ್ಳೆಯ ಬಾಣಂತಿಮನೆ ಬೇರೆ ದೊರೆಯದು.

ಮಂಗೋಲಿಯದ ಕೆಲವೆಡೆ ಕಡಿದಾದ ಬಂಡೆಗಳ ಮೇಲೂ ಗೂಡುಗಳುಂಟು. ಆದರೆ ಸಾಮಾನ್ಯವಾಗಿ ಹೆಬ್ಬಾತು ಗೂಡಿಗಾಗಿ ಆರಿಸುವುದು ನೀರಿನ ನಡುವಣ ಪುಟ್ಟ ದ್ವೀಪಗಳನ್ನು. ನೆಲದಲ್ಲಿ ತಗ್ಗುಮಾಡಿ, ತನ್ನದೇ ಎದೆಯ ನವಿರಾದ ತುಪ್ಪುಳನ್ನು ಹಾಸಿ, ಹೆಣ್ಣು ಸಾಮಾನ್ಯವಾಗಿ ನಾಲ್ಕರಿಂದ ಆರು ಮೊಟ್ಟೆಗಳನ್ನಿಡುತ್ತದೆ. ಕಾವು ಕೊಡುವುದು ಹೆಣ್ಣು. ಗಂಡು ಹತ್ತಿರವೇ ನಿಂತು ಕಾಯುತ್ತದೆ. ಒಂದೊಂದು ದ್ವೀಪದಲ್ಲಿ ಗೂಡಿಗೆ ಗೂಡು ತಾಗುವಂತೆ ಹತ್ತಾರು ಸಂಸಾರಗಳು ನೆಲೆಸುತ್ತವೆ. ನರಿಗೂ ತೋಳಕ್ಕೂ ಗೂಡಿಗೂ ನಡುವೆ ಇರುವ ಕೋಟೆಯೆಂದರೆ ಸುತ್ತಲಿನ ನೀರು ಮಾತ್ರ. ಆ ನೀರು ಇಳಿದರೆ ದ್ವೀಪ ದಡಕ್ಕೆ ಸೇರಿಹೋಗುತ್ತದೆ; ಏರಿದರೆ ಗೂಡುಗಳು ಮುಳುಗುತ್ತವೆ. ಮಂಜುಗಡ್ಡೆ ತಡವಾಗಿ ಕರಗಿದ ವರ್ಷ ನರಿಗೆ ಅದೇ ಸೇತುವೆಯಾಗುತ್ತದೆ.

ಸುಮಾರು ನಾಲ್ಕು ವಾರಗಳಲ್ಲಿ ಮರಿಗಳು ಹೊರಬರುತ್ತವೆ. ಅವು ಗುಬ್ಬಿಯ ಮರಿಗಳಂತೆ ಬಾಯಿ ತೆರೆದು ಕೂಡುವುದಿಲ್ಲ; ಬಹು ಬೇಗ ತಾಯಿತಂದೆಯ ಹಿಂದೆ ನೀರಿಗಿಳಿದು, ತಾವೇ ಹುಲ್ಲನ್ನು ಕಡಿಯತೊಡಗುತ್ತವೆ. ರೆಕ್ಕೆ ಬಲಿಯಲು ಮಾತ್ರ ಇನ್ನೂ ಏಳೆಂಟು ವಾರ ಬೇಕು. ಇದೇ ಬೇಸಗೆಯಲ್ಲಿ ದೊಡ್ಡ ಹಕ್ಕಿಗಳಿಗೂ ಒಂದು ವಿಚಿತ್ರ ಅವಸ್ಥೆ ಒದಗುತ್ತದೆ: ಅವುಗಳ ಹಾರುವ ಗರಿಗಳೆಲ್ಲ ಒಮ್ಮೆಗೇ ಉದುರಿ, ಹೊಸವು ಮೂಡುವವರೆಗೆ ಕೆಲವು ವಾರ ಅವು ಹಾರಲಾರವು. ಹಿಮಾಲಯವನ್ನು ದಾಟಿ ಬಂದ ಹಕ್ಕಿ ಆಗ ಒಂದು ಬೇಲಿಯನ್ನೂ ದಾಟಲಾರದು! ಅಪಾಯ ಕಂಡರೆ ಇಡೀ ಸಂಸಾರಕ್ಕೆ ನೀರೊಂದೇ ಗತಿ.

ಚಾಂಗ್‌ಥಾಂಗಿನಲ್ಲಿ ಪಶ್ಮೀನಾ ಆಡುಗಳನ್ನು ಮೇಯಿಸುವ ಚಾಂಗ್ಪಾ ಜನ ತಲೆಮಾರುಗಳಿಂದ ಈ ಹಕ್ಕಿಗಳೊಡನೆ ಬಾಳುತ್ತ ಬಂದಿದ್ದಾರೆ. ಈಚಿನ ದಶಕಗಳಲ್ಲಿ ರಸ್ತೆ ಬಂದಿತು. ಪ್ರವಾಸಿಗಳ ಡೇರೆಗಳು, ಕೆಲಸಗಾರರ ಹಾಗೂ ಸೈನಿಕರ ಶಿಬಿರಗಳು ಬಂದವು. ಅಲ್ಲಿ ಚೆಲ್ಲಿದ ಕೂಳಿನಿಂದ ಬೀದಿನಾಯಿಗಳು ಹೆಚ್ಚಿದವು. ನರಿ ಹಿಂದೆಗೆಯುವ ನೀರನ್ನು ನಾಯಿ ಲೆಕ್ಕಿಸುವುದಿಲ್ಲ. ಆಳವಿಲ್ಲದ ಕಡೆ ಈಜಿಯೋ ನಡೆದೋ ದ್ವೀಪವನ್ನು ಸೇರಿ ಮೊಟ್ಟೆ ಮರಿಗಳನ್ನು ತಿಂದುಬಿಡುತ್ತದೆ. ಕಪ್ಪುಕೊರಳಿನ ಕೊಕ್ಕರೆಗೂ ಅಲ್ಲಿ ಇದೇ ಕಂಟಕ. ಅನ್ನ ಚೆಲ್ಲುವ ಕೈಗೆ ಈ ಸಂಬಂಧ ತಿಳಿದಿರಲಾರದು.

ಚಿಂಗ್‌ಹಾಯ್ ಸರೋವರದ ಕಥೆ ಬೇರೆ ಬಗೆಯದು. ಕಳೆದ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿಯ ನೀರು ಇಳಿದು, ಹಕ್ಕಿಗಳು ಗೂಡುಕಟ್ಟುತ್ತಿದ್ದ ಪ್ರಸಿದ್ಧ ದ್ವೀಪವೊಂದು ದಡಕ್ಕೆ ಅಂಟಿಕೊಂಡಿತು. 2005ರ ಬೇಸಗೆಯಲ್ಲಿ ಹಕ್ಕಿಜ್ವರ ಹರಡಿದಾಗ ಅದೇ ಸರೋವರದಲ್ಲಿ 6,000ಕ್ಕೂ ಹೆಚ್ಚು ಹಕ್ಕಿಗಳು ಸತ್ತವು. ಹೆಬ್ಬಾತುಗಳದೇ ದೊಡ್ಡ ಪಾಲು. ಗೂಡುಗಳು ಒತ್ತಾಗಿರುವುದು ಶತ್ರುವಿನ ಎದುರು ರಕ್ಷೆ, ರೋಗದ ಎದುರು ಶಾಪ.

ಜೌಗು ಪ್ರದೇಶಗಳ ರಕ್ಷಣೆಗೆಂದು 1971ರಲ್ಲಿ ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ರಾಷ್ಟ್ರಗಳು ಒಪ್ಪಂದವೊಂದನ್ನು ಮಾಡಿಕೊಂಡವು. ಅದರ ಪಟ್ಟಿಗೆ ತ್ಸೋ ಮೊರಿರಿ 2002ರಲ್ಲಿ, ತ್ಸೋ ಕರ್ 2020ರಲ್ಲಿ, ಮಾಗಡಿ ಕೆರೆ 2024ರಲ್ಲಿ ಸೇರಿದವು. ಹೀಗೆ ಒಂದೇ ಹಕ್ಕಿಯ ತವರೂ ಬಿಡಾರವೂ ಒಂದೇ ಪಟ್ಟಿಯಲ್ಲಿ ಕೂಡಿಕೊಂಡಿವೆ.

ಶರತ್ಕಾಲದಲ್ಲಿ ಸರೋವರಗಳು ಹೆಪ್ಪುಗಟ್ಟುವ ಮುನ್ನ ಹೆಬ್ಬಾತುಗಳು ಮರಿಗಳನ್ನು ಕರೆದುಕೊಂಡು ದಕ್ಷಿಣಕ್ಕೆ ಏಳುತ್ತವೆ. ಆ ವರ್ಷ ಹುಟ್ಟಿದ ಮರಿಗಳ ತಲೆಯ ಮೇಲೆ ಪಟ್ಟೆಗಳು ಇನ್ನೂ ಸ್ಪಷ್ಟವಾಗಿ ಮೂಡಿರುವುದಿಲ್ಲ. ಆದುದರಿಂದ ಪಕ್ಷಿವೀಕ್ಷಕರು ನಮ್ಮ ಕೆರೆಯ ದಂಡೆಯಲ್ಲಿ ನಿಂತು ಪಟ್ಟೆಯಿಲ್ಲದ ತಲೆಗಳನ್ನು ಎಣಿಸುತ್ತಾರೆ. ಉತ್ತರದ ದ್ವೀಪಗಳ ಸುತ್ತ ಆ ಬೇಸಗೆಯಲ್ಲಿ ನೀರು ನಿಂತಿತ್ತೆ, ಮರಿಗಳು ಉಳಿದುವೆ ಎಂಬ ಸುದ್ದಿ ಆ ಎಣಿಕೆಯಲ್ಲಿರುತ್ತದೆ.